ಆಸ್ಟ್ರೇಲಿಯದ ಚುನಾವಣೆಯೂ ಆರ್ಥಿಕತೆಯೂ: ಚರ್ಚೆಗೆ ಮುನ್ನ ಒಂದು ಸೂಚನೆ

ಸದಸ್ಯರೆಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯದ ಸಂಸತ್ ಚುನಾವಣೆಗಳನ್ನು ಆರ್ಥಿಕ ಸ್ಥಿತಿಯೇ ನಿರ್ಧರಿಸುತ್ತದೆ ಎಂದು ವಾದಿಸುವವರು, ಆ ಮಾತಿಗೆ ಒಗ್ಗದ ಉದಾಹರಣೆಗಳನ್ನೂ ಎದುರಿಗಿಟ್ಟುಕೊಂಡು ಬರೆಯಬೇಕೆಂದು ಕೋರಲಾಗಿದೆ.

ಮಹಾ ಆರ್ಥಿಕ ಕುಸಿತದ ನಡುವೆ, 1931ರಲ್ಲಿ, ಪ್ರಧಾನಿ ಜೇಮ್ಸ್ ಸ್ಕಲಿನ್ ಅವರ ಸರ್ಕಾರ ಒಂದೇ ಅವಧಿಗೆ ಮನೆಗೆ ಹೋದದ್ದು ನಿಜ. ಆದರೆ 1993ರಲ್ಲಿ ನಿರುದ್ಯೋಗ ಶೇ. 11ರ ಆಸುಪಾಸಿನಲ್ಲಿದ್ದರೂ ಪ್ರಧಾನಿ ಪಾಲ್ ಕೀಟಿಂಗ್ ಗೆದ್ದರು. ಶೇ. 15ರ ಸರಕು ಮತ್ತು ಸೇವಾ ತೆರಿಗೆಯನ್ನು ಪ್ರಸ್ತಾಪಿಸಿದ್ದ ವಿರೋಧ ಪಕ್ಷದ ನಾಯಕ ಜಾನ್ ಹ್ಯೂಸನ್, ಆ ತೆರಿಗೆಯಿಂದ ಹುಟ್ಟುಹಬ್ಬದ ಕೇಕಿನ ಬೆಲೆ ಏರುವುದೋ ಇಳಿಯುವುದೋ ಎಂಬ ಸರಳ ಪ್ರಶ್ನೆಗೆ ಟಿವಿ ಸಂದರ್ಶನದಲ್ಲಿ ತಡವರಿಸಿ, ಸರ್ಕಾರದ ಮೇಲಿರಬೇಕಿದ್ದ ಅನುಮಾನವನ್ನು ತಮ್ಮ ಮೇಲೆಯೇ ಎಳೆದುಕೊಂಡರು.

2007ರ ಕಥೆ ಇದಕ್ಕೆ ತದ್ವಿರುದ್ಧ. ಗಣಿಗಾರಿಕೆಯ ಭರಾಟೆ, ಮಿಗತೆ ಬಜೆಟ್, ಕಡಿಮೆ ನಿರುದ್ಯೋಗ ಎಲ್ಲವೂ ಇದ್ದ ಪ್ರಧಾನಿ ಜಾನ್ ಹೊವಾರ್ಡ್ ಸೋತರು, ಸ್ವಂತ ಕ್ಷೇತ್ರ ಬೆನೆಲಾಂಗನ್ನೂ ಕಳೆದುಕೊಂಡರು. ಅವರ ಕಾರ್ಮಿಕ ಕಾನೂನುಗಳ ಬಗ್ಗೆ ಅಸಮಾಧಾನವಿತ್ತು. ಪ್ರಚಾರದ ನಡುವೆಯೇ ರಿಸರ್ವ್ ಬ್ಯಾಂಕ್ ಬಡ್ಡಿದರವನ್ನು ಶೇ. 6.75ಕ್ಕೆ ಏರಿಸಿತು. ಗೃಹಸಾಲಗಳಲ್ಲಿ ಹೆಚ್ಚಿನವು ಬದಲಾಗುವ ಬಡ್ಡಿಯವಾದ್ದರಿಂದ ಇಂಥ ಏರಿಕೆ ನೇರವಾಗಿ ಕಂತಿಗೇ ತಟ್ಟುತ್ತದೆ. ನನ್ನ ಮಟ್ಟಿಗೆ, ಮತದಾನ ಕಡ್ಡಾಯವಾಗಿರುವ ಆ ದೇಶದಲ್ಲಿ ಒಟ್ಟು ಬೆಳವಣಿಗೆಯ ದರಕ್ಕಿಂತ ಈ ಕಂತೇ ಹೆಚ್ಚು ಮಾತಾಡುತ್ತದೆ.

ಆದ್ದರಿಂದ ಅಂಕಿಅಂಶ ಹಂಚಿಕೊಳ್ಳುವವರು ಅದು ಬೆಳವಣಿಗೆಯದೋ, ನಿರುದ್ಯೋಗದ್ದೋ, ಬಡ್ಡಿದರದ್ದೋ ಎಂಬುದನ್ನು ವರ್ಷದೊಂದಿಗೆ ನಮೂದಿಸಬೇಕು.