ಕ್ರೀಡಾ ಕೇಂದ್ರದ ಒಳಾಂಗಣಕ್ಕೆ ಆರಿಸಿದ ಬಟ್ಟೆಗಳ ಕುರಿತು ದೂರು

ಒಳಾಂಗಣ ವಿನ್ಯಾಸ ಸಂಸ್ಥೆಯ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ಈಜಲು ಹೋಗುವ ಕ್ರೀಡಾ ಕೇಂದ್ರವನ್ನು ಇತ್ತೀಚೆಗೆ ನವೀಕರಿಸಿದವರು ನೀವು. ನೆಲಹಾಸು, ಸೋಫಾಗಳ ಹೊದಿಕೆ, ಬಟ್ಟೆ ಬದಲಿಸುವ ಕೋಣೆಗಳ ಪರದೆ ಎಲ್ಲವೂ ನಿಮ್ಮದೇ ಆಯ್ಕೆ ಎಂದು ಕೇಂದ್ರದ ವ್ಯವಸ್ಥಾಪಕರು ತಿಳಿಸಿದ್ದರಿಂದ ಈ ದೂರನ್ನು ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ನನಗೆ ಮಂದದೃಷ್ಟಿಯಿದೆ. ಸೂಕ್ಷ್ಮ ವಿವರಗಳು ಕಾಣುವುದಿಲ್ಲ. ತಿಳಿ ಬಣ್ಣದ ಪಕ್ಕದಲ್ಲಿ ಗಾಢ ಬಣ್ಣವಿದ್ದರೆ ಮಾತ್ರ ಅಲ್ಲೊಂದು ವಸ್ತುವಿದೆ ಎಂದು ತಿಳಿಯುತ್ತದೆ. ಮೊದಲು ತಿಳಿ ಬಣ್ಣದ ನೆಲದ ಮೇಲೆ ಕಡುನೀಲಿ ಆಸನಗಳಿದ್ದವು, ಯಾರ ನೆರವೂ ಬೇಡದೆ ಓಡಾಡುತ್ತಿದ್ದೆ. ಈಗ ನೆಲ ಬೂದು, ಆಸನ ಬೂದು, ಗೋಡೆ ಬೂದು, ಪರದೆಯೂ ಬೂದು. ಆಸನ ಎಲ್ಲಿ ಮುಗಿಯುತ್ತದೆ ಎಂದು ತಿಳಿಯದೆ ಕುಳಿತುಕೊಳ್ಳಲು ಹೋಗಿ ನೆಲಕ್ಕೆ ಬಿದ್ದಿದ್ದೇನೆ.

ದೂರವಾಣಿಯಲ್ಲಿ ವಿಚಾರಿಸಿದಾಗ ನಿಮ್ಮ ಪ್ರತಿನಿಧಿ, "ಇಳಿಜಾರು ದಾರಿ ಇದೆ, ಲಿಫ್ಟ್ ಇದೆ, ಬಟ್ಟೆಯ ಬಣ್ಣವೆಂಬುದು ಅಭಿರುಚಿಯ ವಿಷಯ" ಎಂದರು. ಬಿದ್ದದ್ದಕ್ಕಿಂತ ಈ ಮಾತೇ ಹೆಚ್ಚು ನೋಯಿಸಿತು. ಒಂದು ಮೇಲ್ಮೈ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬುದನ್ನು 0ಯಿಂದ 100ರ ಅಳತೆಯಲ್ಲಿ ಲೆಕ್ಕ ಹಾಕುವ ಪದ್ಧತಿ ನಿಮ್ಮ ವೃತ್ತಿಯಲ್ಲಿಯೇ ಇದೆ. ಅಕ್ಕಪಕ್ಕದ ಮುಖ್ಯ ಮೇಲ್ಮೈಗಳ ನಡುವೆ ಸುಮಾರು 30 ಅಂಕಗಳ ಅಂತರವಿರಲಿ ಎಂದು ಕಟ್ಟಡಗಳು ಅಂಗವಿಕಲರಿಗೂ ಅನುಕೂಲವಾಗಿರಬೇಕೆಂದು ರೂಪಿಸಿದ ಬ್ರಿಟನ್ನಿನ ಬಿಎಸ್ 8300 ಮಾನದಂಡ ಸೂಚಿಸುತ್ತದೆ. ಬಣ್ಣಗಳು ಬೇರೆಯಾದರಷ್ಟೇ ಸಾಲದು. ಕೆಂಪು ಮತ್ತು ಹಸಿರು ಒಂದೇ ಪ್ರಮಾಣದ ಬೆಳಕನ್ನು ಹಿಂದಿರುಗಿಸಿದರೆ ನನ್ನಂಥವರಿಗೆ ಎರಡೂ ಒಂದರಲ್ಲೊಂದು ಕಲೆತುಹೋಗುತ್ತವೆ. ಅಳೆದು ತಿಳಿಯಬಹುದಾದ ಸಂಗತಿಯನ್ನು ಅಭಿರುಚಿ ಎಂದು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ.

ಮೊಗಸಾಲೆಯ ನೆಲಹಾಸು ಇನ್ನೂ ದೊಡ್ಡ ತೊಂದರೆ. ತಿಳಿಬೂದು ಬಣ್ಣದ ನಡುವೆ ದೊಡ್ಡ ಕಪ್ಪು ಚೌಕಗಳನ್ನು ಹಾಕಿಸಿದ್ದೀರಿ. ಮರೆವಿನ ಕಾಯಿಲೆಯಿರುವ ಹಿರಿಯರಿಗೆ ಇಂಥ ಚೌಕಗಳು ನೆಲದಲ್ಲಿರುವ ಗುಂಡಿಗಳಂತೆ ತೋರಬಹುದು. ವ್ಯಾಯಾಮಕ್ಕೆಂದು ಬರುವ ಒಬ್ಬ ಹಿರಿಯರು ಅದರ ಮುಂದೆ ನಿಂತು, ಮಗಳು ಎಷ್ಟು ಹೇಳಿದರೂ ಕಾಲಿಡದೆ ಮರಳಿ ಹೋದದ್ದನ್ನು ನಾನು ಅಲ್ಲಿಯೇ ಕುಳಿತು ಕೇಳಿಸಿಕೊಂಡೆ. ಆ ಬಳಿಕ ಅವರು ಬಂದಿಲ್ಲ. ಅದೇ ನೆಲಹಾಸಿನ ಎಳೆಗಳು ಉದ್ದ, ಅಡಿಯ ಪದರ ಮೆತ್ತಗೆ. ಗಾಲಿಕುರ್ಚಿಯ ಚಕ್ರಗಳು ಅದರಲ್ಲಿ ಹೂತುಹೋಗುವುದರಿಂದ ಬ್ಯಾಸ್ಕೆಟ್‌ಬಾಲ್ ಆಟಗಾರರ ಭುಜಗಳು ಅಂಕಣ ತಲುಪುವ ಮೊದಲೇ ದಣಿಯುತ್ತವೆ. ನೆಲಹಾಸಿನ ಎಳೆಗಳ ಎತ್ತರ 13 ಮಿಲಿಮೀಟರ್ ಮೀರಬಾರದು, ಅಂಚುಗಳನ್ನು ನೆಲಕ್ಕೆ ಭದ್ರವಾಗಿ ಕೂರಿಸಿರಬೇಕು ಎಂದು ಅಂಗವಿಕಲರ ಓಡಾಟಕ್ಕೆ ಕಟ್ಟಡಗಳು ಸುಗಮವಾಗಿರಲೆಂದು ಮಾಡಿದ ಅಮೆರಿಕದ ನಿಯಮಗಳು ಹೇಳುತ್ತವೆ. ಇಲ್ಲಿ ಬಾಗಿಲ ಬಳಿಯ ಅಂಚು ಈಗಾಗಲೇ ಎದ್ದು ನಿಂತಿದೆ.

ನೀವು ಗೋಡೆಗೆ ಹಾಕಿಸಿದ ದಪ್ಪ ಉಣ್ಣೆಯ ಫಲಕಗಳನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಪ್ರತಿಧ್ವನಿ ತಗ್ಗಿದೆ, ಶ್ರವಣ ಸಾಧನ ಬಳಸುವ ಗೆಳೆಯರಿಗೆ ತರಬೇತುದಾರರ ಮಾತು ಸ್ಪಷ್ಟವಾಗಿ ಕೇಳುತ್ತಿದೆ. ಬಟ್ಟೆಯಿಂದ ಎಂಥ ಉಪಕಾರವಾಗುತ್ತದೆ ಎಂಬುದು ನಿಮಗೂ ಗೊತ್ತಿದೆ. ಆದ್ದರಿಂದಲೇ ಉಳಿದ ಕಡೆಯ ಅಲಕ್ಷ್ಯ ನನಗೆ ಅರ್ಥವಾಗುತ್ತಿಲ್ಲ.

ಕ್ರೀಡೆ ಮತ್ತು ವಿರಾಮದ ಚಟುವಟಿಕೆಗಳಲ್ಲಿ ಇತರರಿಗೆ ಸಮನಾಗಿ ಪಾಲ್ಗೊಳ್ಳುವ ನಮ್ಮ ಹಕ್ಕನ್ನು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಎತ್ತಿಹಿಡಿಯುತ್ತದೆ. ಕೇಂದ್ರದ ಬಾಗಿಲು ದಾಟಿದ ಮೇಲೆ ಆಸನವನ್ನೇ ಕಾಣಲಾಗದಿದ್ದರೆ ಆ ಹಕ್ಕಿನಿಂದ ನನಗೇನು ಪ್ರಯೋಜನ?

ಎದ್ದು ನಿಂತ ಅಂಚನ್ನು ಈ ವಾರವೇ ಸರಿಪಡಿಸಿ. ಅದು ಕಾಯುವ ಕೆಲಸವಲ್ಲ. ಮೊಗಸಾಲೆಗೆ ಚಿತ್ತಾರವಿಲ್ಲದ, ಗಿಡ್ಡ ಎಳೆಯ, ನೆಲಕ್ಕೆ ಅಂಟಿಸಿದ ಹಾಸನ್ನು ಹಾಕಿಸಿ. ಆಸನಗಳಿಗೂ ಪರದೆಗಳಿಗೂ ನೆಲ, ಗೋಡೆಗಳಿಂದ ಎದ್ದು ಕಾಣುವ ಹೊದಿಕೆ ಬೇಕು. ಹೊಸ ಬಟ್ಟೆಗೆ ಬೇಡಿಕೆ ಸಲ್ಲಿಸುವ ಮೊದಲು ಮಾದರಿ ತುಂಡುಗಳನ್ನು ಕೇಂದ್ರಕ್ಕೇ ತಂದು, ಅಲ್ಲಿನ ದೀಪಗಳ ಬೆಳಕಿನಲ್ಲಿ ನಮಗೆ ತೋರಿಸಿ. ನಾನೂ ಗಾಲಿಕುರ್ಚಿಯ ಆಟಗಾರರೂ ಬರಲು ಸಿದ್ಧರಿದ್ದೇವೆ. ಯಾವ ಕೆಲಸವನ್ನು ಯಾವ ದಿನಾಂಕದೊಳಗೆ ಮುಗಿಸುತ್ತೀರಿ ಎಂಬುದನ್ನು 30 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಉತ್ತರವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ ಕಳುಹಿಸಿ.

ಇತಿ,
ಕ್ರೀಡಾ ಕೇಂದ್ರದ ಸದಸ್ಯೆ