ಬಾಟಲಿಯ ಸಕ್ಕರೆ ತೂಗಿ ತೋರಿಸುವವರು ಬೇಕು

ಮಾನ್ಯರೇ,

ಸಿದ್ದಾಪುರ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ತೋಟಗಳಲ್ಲಿ ಕೂಲಿ ಬಟವಾಡೆಯಾದ ಸಂಜೆ ಲೈನ್‌ಮನೆಯ ಕಾರ್ಮಿಕರು ಬಂದು ಅಕ್ಕಿ, ಪಾಮ್ ಎಣ್ಣೆ, ಒಣಮೀನು ಒಯ್ಯುತ್ತಾರೆ. ಹೊರಡುವಾಗ ಮಕ್ಕಳ ಕೈಗೆ ಐದು ರೂಪಾಯಿಯ ಕುರುಕಲು ಪ್ಯಾಕೆಟ್. ಅದನ್ನು ಮಾರುವವನೂ ನಾನೇ ಎಂದು ಮೊದಲೇ ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದೆ ನನಗೆ ಶುಗರ್ ಇದೆಯೆಂದು ಗೊತ್ತಾಯಿತು. ಆಗ ತೂಕ 91 ಕೆ.ಜಿ. ಆಸ್ಪತ್ರೆಯಲ್ಲಿ ‘ಸಿಹಿ ಬಿಡಿ, ತೂಕ ಇಳಿಸಿ’ ಎಂದು ಮುಂದಿನ ಚೀಟಿಯವರನ್ನು ಕರೆದರು. ಸಿಹಿ ಎಂದರೆ ಲಾಡು, ಮೈಸೂರುಪಾಕು ಎಂದುಕೊಂಡು ಅವನ್ನು ಬಿಟ್ಟೆ. ಮಧ್ಯಾಹ್ನ ಊಟವಾದ ಮೇಲೆ ಫ್ರಿಜ್ಜಿನಿಂದ ಒಂದು ತಂಪು ಬಾಟಲಿ ತೆಗೆದು ಕುಡಿಯುವುದು ಹಾಗೇ ನಡೆದಿತ್ತು.

ಒಂದು ದಿನ ನಮ್ಮ ಕಡೆಯ ಅಂಗನವಾಡಿ ಟೀಚರ್ ಬೇಳೆ ಕೊಳ್ಳಲು ಬಂದವರು ಅದನ್ನು ನೋಡಿದರು. ‘ಅಣ್ಣಾ, ಬಾಟಲಿ ಹಿಂದೆ ಏನು ಬರೆದಿದೆ ಓದಿ.’ ಕನ್ನಡಕ ಹಾಕಿ ಓದಿದೆ. ನೂರು ಮಿ.ಲೀ.ಗೆ 11 ಗ್ರಾಂ ಸಕ್ಕರೆ, ಬಾಟಲಿ 600 ಮಿ.ಲೀ.ನದು. ‘ಸರಿ, ಅಷ್ಟು ತೂಗಿ’ ಎಂದರು. ತಕ್ಕಡಿಯ ಮೇಲೆ ಪೇಪರ್ ಹಾಸಿ ಸಕ್ಕರೆ ಸುರಿದೆ. 66 ಗ್ರಾಂ. ಟೀ ಲೋಟದ ಮುಕ್ಕಾಲು ಭಾಗ ತುಂಬಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಇಡೀ ದಿನಕ್ಕೆ 25 ಗ್ರಾಂ ದಾಟಿದರೇ ಹೆಚ್ಚಂತೆ. ಆವತ್ತಿನಿಂದ ಬಾಟಲಿ ಮುಟ್ಟಿಲ್ಲ. ಮಾತ್ರೆ, ಸಂಜೆಯ ನಡಿಗೆ ಎಲ್ಲ ಸೇರಿ ಈಗ ತೂಕ 84.

ಟೀಚರ್‌ಗೆ ಇದಕ್ಕೆಂದು ಯಾರೂ ಒಂದು ರೂಪಾಯಿ ಕೊಟ್ಟಿಲ್ಲ. ಮಕ್ಕಳ ತೂಕ, ಎತ್ತರ ಅಳೆದು ಫೋನಿಗೆ ತುಂಬುವುದರಲ್ಲೇ ಅವರ ದಿನ ಮುಗಿಯುತ್ತದೆ. 2018ರಲ್ಲಿ ಪೋಷಣ್ ಅಭಿಯಾನ ಶುರುವಾದ ಮೇಲೆ ಸೆಪ್ಟೆಂಬರ್ ಬಂತೆಂದರೆ ಪೋಷಣ ಮಾಸ. ನಾನು ನೋಡಿದ ಒಂದು ಕಾರ್ಯಕ್ರಮದಲ್ಲಿ ಸೊಪ್ಪು ತರಕಾರಿಯ ರಂಗೋಲಿ ಹಾಕಿ, ದೀಪ ಬೆಳಗಿಸಿ, ಫೋಟೊ ತೆಗೆದರು. ಅತಿಥಿಗಳಿಗೆ ತಂಪು ಪಾನೀಯ ಹೋದದ್ದು ನನ್ನ ಅಂಗಡಿಯಿಂದ!

ಆದರೆ ಕುರುಕಲು ಕಂಪನಿಯ ಗಾಡಿ ವಾರಕ್ಕೆ ಎರಡು ಸಲ ಬರುತ್ತದೆ. ಪ್ಯಾಕೆಟ್ಟಿನ ಸರವನ್ನು ಮಗುವಿನ ಕಣ್ಣಿಗೆ ನೇರ ಬೀಳುವಂತೆ ನೇತುಹಾಕಿದರೆ ನನಗೆ ಸ್ಕೀಮಿನಲ್ಲಿ ಒಂದಿಷ್ಟು ಉಚಿತ. ಅವರು ಹೇಳುವುದೂ ಪಾಠವೇ, ಮಳೆಗಾಲದಲ್ಲೂ ರಜೆಯಿಲ್ಲ.

ಅಮೆರಿಕದ ಸುದ್ದಿಯೊಂದನ್ನು ಮಗಳು ಓದಿ ಹೇಳಿದಳು. ಬಡವರ ಆಹಾರ ಸಹಾಯಧನದ ಜೊತೆಗೆ 1992ರಿಂದ ನಡೆದಿದ್ದ ಪೋಷಣೆಯ ಪಾಠಕ್ಕೆ 2025ರಲ್ಲಿ ಹಣ ನಿಲ್ಲಿಸಿದರಂತೆ. ಇಷ್ಟು ವರ್ಷ ಖರ್ಚು ಮಾಡಿದರೂ ಬೊಜ್ಜು ಕರಗಲಿಲ್ಲವಲ್ಲ ಎಂಬುದು ನಿಲ್ಲಿಸಿದವರ ವಾದ. ನಾಳೆ ಇಲ್ಲೂ ಯಾರಾದರೂ ಹೀಗೇ ಹೇಳಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಹೆಂಗಸರಲ್ಲಿ 24 ಮಂದಿಗೆ ಅತಿತೂಕ ಅಥವಾ ಬೊಜ್ಜು, ನಮ್ಮ ರಾಜ್ಯದಲ್ಲಿ ಸುಮಾರು 30. ಹಿಂದಿನ ಸಮೀಕ್ಷೆಗಿಂತ ಎರಡೂ ಕಡೆ ಏರಿದೆ. ಆದರೆ ಬ್ಯಾನರ್ ಕಟ್ಟಿದ್ದನ್ನು ಪಾಠದ ಖಾತೆಗೆ ಬರೆದು, ಪಾಠದಿಂದ ಏನೂ ಆಗದು ಎಂದರೆ ಅದು ಯಾವ ಲೆಕ್ಕ?

ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪು, ಕಣಿಲೆ (ಎಳೆ ಬಿದಿರು) ತಿನ್ನುವುದನ್ನು ನಮಗೆ ಯಾವ ಇಲಾಖೆಯೂ ಕಲಿಸಿದ್ದಲ್ಲ, ಒಲೆಯ ಮುಂದೆ ಕೂತು ಅಜ್ಜಿಯರು ಕಲಿಸಿದ್ದು. ಪ್ಯಾಕೆಟ್ಟಿನ ಹಿಂದಿನ ಇರುವೆ ಅಕ್ಷರ ಓದಲು ಯಾವ ಅಜ್ಜಿಗೂ ಬಾರದು. ಜಿಲ್ಲಾಡಳಿತ ಪೋಷಣ ಮಾಸದ ಪೆಂಡಾಲಿನ ದುಡ್ಡನ್ನು ಉಳಿಸಿ, ಅಂಗನವಾಡಿ ಟೀಚರ್‌ಗಳಿಗೆ ತಿಂಗಳಿಗೆ ಇಂತಿಷ್ಟೆಂದು ಬೇರೆಯೇ ಕೊಟ್ಟು, ಬಟವಾಡೆಯ ಸಂಜೆ ಪೇಟೆಯಲ್ಲಿ ಕೂರಿಸಲಿ. ಜಾಗ ನನ್ನ ಅಂಗಡಿ ಜಗಲಿಯಲ್ಲೇ ಇದೆ, ತಕ್ಕಡಿಯೂ ಇದೆ. ತೂಗಲು ಬೇಕಾದ ಸಕ್ಕರೆಯ ಕಾಸನ್ನೂ ಕೇಳುವುದಿಲ್ಲ.

– ಒಬ್ಬ ದಿನಸಿ ವ್ಯಾಪಾರಿ, ಸಿದ್ದಾಪುರ, ಕೊಡಗು