ಎರಡನೇ ಮುದ್ರಣ ಕೈಗೆ ಬಂತು, ಎಲ್ಲರಿಗೂ ವಂದನೆ

ಮಕ್ಕಳಿಗಾಗಿ ಬರೆದ ನನ್ನ ಪುಟ್ಟ ಕಾದಂಬರಿಯ ಮೊದಲ ಮುದ್ರಣ ಮುಗಿದು, ಎರಡನೆಯದು ಈ ವಾರ ಪ್ರೆಸ್ಸಿನಿಂದ ಬಂದಿದೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಯು.ಪಿ. ಶಾಲೆಯ ಮಕ್ಕಳನ್ನು, ಅಂದರೆ ಐದರಿಂದ ಏಳನೇ ಕ್ಲಾಸಿನವರನ್ನು, ಮನಸ್ಸಿನಲ್ಲಿಟ್ಟು ಬರೆದದ್ದು. ಈ ವಯಸ್ಸಿಗೆ ಚಿತ್ರದ ಪುಸ್ತಕ ಸಾಲುವುದಿಲ್ಲ, ದೊಡ್ಡವರ ಕಾದಂಬರಿ ಜಾಸ್ತಿಯಾಗುತ್ತದೆ. ತಮ್ಮದೇ ಮನೆ, ತಮ್ಮದೇ ಶಾಲೆ ಇರುವ ಸಣ್ಣ ಕಾದಂಬರಿ ಕನ್ನಡದಲ್ಲಿ ಸಿಗುವುದು ಕಡಿಮೆ. ಕರ್ನಾಟಕದ ಗಡಿಯ ಈಚೆ ಇರುವ ನಮ್ಮ ಮಕ್ಕಳ ಕೈಗೆ ಬರುವುದು ಇನ್ನೂ ಕಡಿಮೆ.

ಕಥೆ ದೊಡ್ಡದೇನಲ್ಲ. ಹನ್ನೆರಡು ವರ್ಷದ ಹುಡುಗ. ಅಡಿಕೆ ತೋಟಕ್ಕೆ ನೀರು ಬೇಕೆಂದು ಅವನ ಅಪ್ಪ ಗುಡ್ಡೆಯಲ್ಲಿ ಸುರಂಗ, ಅಂದರೆ ನೀರಿನ ಸೆಲೆ ಹುಡುಕಿ ಅಡ್ಡಕ್ಕೆ ಕೊರೆಯುವ ಬಿಲ, ತೋಡಿಸುತ್ತಾರೆ. ನೀರು ಬರುವುದಿಲ್ಲ, ಸಾಲ ಉಳಿಯುತ್ತದೆ. ಹುಡುಗ ಮಾತ್ರ ಶಾಲೆಯಲ್ಲಿ ಗೆಳೆಯನಿಗೆ "ನಮ್ಮಲ್ಲಿ ನೀರು ಬಂತು" ಎಂದುಬಿಡುತ್ತಾನೆ. ಗೆಳೆಯ ಒಂದು ದಿನ ನೋಡಲು ಬರುತ್ತಾನೆ.

ಮೊದಲ ವಂದನೆ ನಮ್ಮ ಊರಿನಲ್ಲಿ ಸುರಂಗ ತೋಡುತ್ತಿದ್ದ ಹಿರಿಯರಿಗೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆಗೆ ಅಡ್ಡವಾಗಿ, ಒಬ್ಬ ಮನುಷ್ಯ ನುಗ್ಗುವಷ್ಟೇ ಜಾಗ ಮಾಡಿಕೊಂಡು ಪಿಕ್ಕಾಸಿನಿಂದ ಕಡಿಯುತ್ತಾ ಹೋಗುವುದು ಹೇಗೆ, ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ತರುವುದು ಹೇಗೆ ಎಂದು ಜಗಲಿಯಲ್ಲಿ ಕೂರಿಸಿ ಹೇಳಿದರು. ಒಳಗೆ ದೀಪ ಮಂಕಾದರೆ ಗಾಳಿ ಸಾಲದು ಎಂದು ಅರ್ಥ, ಕೂಡಲೇ ಹೊರಗೆ ಬರಬೇಕಂತೆ. ನೀರು ಸಿಕ್ಕರೆ ಪಂಪು ಬೇಡ, ತಾನಾಗಿ ಹರಿದು ಬರುತ್ತದೆ. ಸಿಗದಿದ್ದರೆ? "ಇನ್ನೊಂದು ಕಡೆ ತೋಡುವುದು, ಮತ್ತೇನು" ಎಂದರು. ಗಡಿಯಾಚೆ ಅಡ್ಯನಡ್ಕದ ಹತ್ತಿರದ ಕೃಷಿಕ ಅಮೈ ಮಹಾಲಿಂಗ ನಾಯ್ಕರೂ ಹಾಗೆಯೇ ಅಲ್ವಾ? ಒಂದರ ಹಿಂದೆ ಒಂದು ಸುರಂಗದಲ್ಲಿ ನೀರು ಸಿಗದಿದ್ದರೂ ಬಿಡಲಿಲ್ಲ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ನಮ್ಮ ಮಕ್ಕಳಿಗೆ ಗೊತ್ತಿತ್ತು. ಹಾಗಾಗಿ ಕಥೆಯ ಅಪ್ಪನನ್ನು ಯಾರೂ ಸೋತವನೆಂದು ನೋಡಲಿಲ್ಲ.

ಇನ್ನು ಕರಡು ಓದಿದ ಮಕ್ಕಳು. ಇವರ ಋಣ ದೊಡ್ಡದು. ಸುಳ್ಳು ಗೊತ್ತಾದ ಮೇಲೆ ಗೆಳೆಯ ಮರುದಿನವೇ ರಾಜಿಯಾಗುವುದು ಏಳನೇ ಕ್ಲಾಸಿನ ಹುಡುಗಿಗೆ ಸರಿ ಕಾಣಲಿಲ್ಲ. "ಮಾತು ಬಿಟ್ಟರೆ ಒಂದು ವಾರ ಆದ್ರೂ ಬೇಕು ಟೀಚರ್" ಎಂದಳು. ಆ ವಾರವೇ ಈಗ ಪುಸ್ತಕದ ಅತ್ಯಂತ ಉದ್ದದ ಅಧ್ಯಾಯ. ಬೆಂಚಿನಲ್ಲಿ ಬದಿಗೆ ಸರಿದು ಕೂರುವುದು, ಊಟದ ಹೊತ್ತಿಗೆ ಬೇರೆಯವರ ಜೊತೆ ಜೋರಾಗಿ ನಗುವುದು, ಎಲ್ಲ ಅವರೇ ಹೇಳಿಕೊಟ್ಟದ್ದು. ಕೊನೆಗೆ ಅಜ್ಜನೋ ಮಾಷ್ಟ್ರೋ ಬಂದು ಬುದ್ಧಿ ಹೇಳುವುದು ಬೇಡ ಎಂದವರೂ ಅವರೇ. ಹುಡುಗನೇ ಗೆಳೆಯನನ್ನು ಒಣ ಸುರಂಗದ ಬಾಯಿಗೆ ಕರೆದುಕೊಂಡು ಹೋಗುತ್ತಾನೆ. ಸತ್ಯ ಹೇಳಲು ಎಷ್ಟು ಕಷ್ಟ ಎಂದು ಓದುವ ಮಗುವಿಗೆ ಅಲ್ಲೇ ತಿಳಿಯುತ್ತದೆ. ಮಕ್ಕಳ ಕಾದಂಬರಿಗೆ ಇದಕ್ಕಿಂತ ದೊಡ್ಡ ಕೆಲಸ ಇಲ್ಲ ಎಂದು ನಾನು ನಂಬಿದ್ದೇನೆ.

ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ನೆನಪಿನಲ್ಲಿ ಜೂನ್ 19ರಂದು ಇಲ್ಲಿ ವಾಚನಾ ದಿನ (ಓದುವ ದಿನ) ನಡೆಯುತ್ತದೆ. ಅಂದು ಕನ್ನಡ ಮಕ್ಕಳಿಗೆ ಕನ್ನಡದ್ದೇ ಹೊಸ ಪುಸ್ತಕ ಓದಿಸಬೇಕೆಂದು ಇದನ್ನು ಆರಿಸಿದ ಟೀಚರ್‌ಗಳಿಗೆ, ಪ್ರತಿಗಳನ್ನು ಹೊತ್ತು ಶಾಲೆ ಶಾಲೆಗೆ ಹೋದ ಗ್ರಂಥಾಲಯದ ಅಣ್ಣನಿಗೆ ಮನಸಾರೆ ವಂದನೆ. ಮನೆಮಾತು ಮಲಯಾಳವಾದರೂ ಕನ್ನಡದ ಒಂದೊಂದು ಒತ್ತಕ್ಷರವನ್ನೂ ಕೇಳಿ ಕೇಳಿ ತಿದ್ದಿದ ಡಿಟಿಪಿಯ ತಂಗಿಗೂ.

ಮುಂದಿನ ಕಥೆ ಗಡಿ ದಾಟಿ ಮಂಗಳೂರಿಗೆ ಬಸ್ಸಿನಲ್ಲಿ ಓದಲು ಹೋಗುವ ಅಕ್ಕ ಮತ್ತು ಅವಳ ತಮ್ಮನದು. ಕರಡು ಓದಲು ಆರನೇ ಕ್ಲಾಸಿನವರು ಈಗಲೇ ಹೆಸರು ಕೊಟ್ಟಿದ್ದಾರೆ. ಅವರಿಗೆ ಮುಂಗಡವಾಗಿಯೇ ಥ್ಯಾಂಕ್ಸ್.